ಮೊಹರು ಕೂರದ ಅಂಕಪಟ್ಟಿ

ಕಚೇರಿಯ ಉದ್ದ ಮೇಜಿನಿಂದ,
ಬುಧವಾರ, ಹನ್ನೊಂದನೇ ತಾರೀಖು, ಸಂಜೆ ಐದೂವರೆ

ಪ್ರೀತಿಯ ಅಕ್ಕಾ,

ಈ ಕಾಗದದಲ್ಲಿ ಒಂದು ಕಥೆ ಇದೆ. ಅದನ್ನು ಮೊದಲು ಹೇಳಿದವನು ನಾನಲ್ಲ, ನಿನ್ನ ಮಗಳು. ಇವತ್ತು ಮಧ್ಯಾಹ್ನ ಮೂರು ಗಂಟೆಗೆ ಇದೇ ಮೇಜಿನ ಆ ತುದಿಯಲ್ಲಿ ನಿಂತುಕೊಂಡು ಹೇಳಿದಳು, ನಾವು ನಾಲ್ಕು ಜನ ಕೇಳಿದೆವು. ಅದಕ್ಕೆ ಹೋಗುವ ಮುಂಚೆ ನಿನ್ನ ಮೊಣಕಾಲಿನ ಸಮಾಚಾರ ಹೇಳು. ನೀನು ಕೆಲಸಕ್ಕಿರುವ ಗುಡ್ಡದ ಆಸ್ಪತ್ರೆಗೆ ಐವತ್ತೆರಡು ಮೆಟ್ಟಿಲು ಎಂದು ಹೋದ ಸಲ ನೀನೇ ಬರೆದಿದ್ದೆ. ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀ ಎಂಬುದನ್ನು ಮಾತ್ರ ಜಾಣತನದಿಂದ ಬಿಟ್ಟಿದ್ದೆ. ಊರವರ ಕಾಲಿಗೆಲ್ಲ ಪಟ್ಟಿ ಕಟ್ಟುವವಳು ನಿನ್ನ ಕಾಲಿಗೂ ಒಂದು ಕಟ್ಟಿಕೊ. ಚಳಿ ಹೇಗಿದೆ? ನಾನು ಕಳಿಸಿದ ಉಣ್ಣೆಯ ಕಾಲುಚೀಲವನ್ನು ನೀನೇ ಹಾಕಿಕೊಂಡಿದ್ದೀಯೋ, ಯಾವುದೋ ರೋಗಿಗೆ ಕೊಟ್ಟು ನೀನು ಬರಿಗಾಲಲ್ಲಿ ಓಡಾಡುತ್ತಿದ್ದೀಯೋ? ಎರಡನೆಯದೇ ಇರಬೇಕು. ಇಲ್ಲಿ ನಾನು, ನಿನ್ನ ಮಗಳು ಇಬ್ಬರೂ ಚೆನ್ನಾಗಿದ್ದೇವೆ. ಈ ಸಾಲನ್ನು ಎರಡು ಸಲ ಓದಿಕೊ, ಯಾಕೆಂದರೆ ಮುಂದೆ ಓದುವಾಗ ನಿನಗೆ ಅನುಮಾನ ಬರುತ್ತದೆ. ಮಗಳ ಮೈಗೆ ಏನೂ ಆಗಿಲ್ಲ. ಆಗಿರುವುದು ಅವಳ ಕಾಗದಕ್ಕೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಗುಡ್ಡದಲ್ಲಿ ಗಾಳಿ ಬೀಸಿದ ಕಡೆಗೆ ಮಾತು ಹಾರಿಹೋಗುತ್ತದೆ. ಭಾನುವಾರದ ಹತ್ತು ನಿಮಿಷದಲ್ಲಿ ನಾಲ್ಕು ನಿಮಿಷ 'ಹಲೋ, ಕೇಳಿಸ್ತಿದ್ಯಾ' ಎನ್ನುವುದರಲ್ಲೇ ಮುಗಿಯುತ್ತದೆ. ಮಿಕ್ಕ ಆರು ನಿಮಿಷದಲ್ಲಿ ನೀನು ಕಥೆಯ ಬಾಲ ಹಿಡಿದು ಎಳೆಯುತ್ತೀ. ಅಜ್ಜಿ ಕಥೆ ಹೇಳುವಾಗಲೂ ಹಾಗೇ ಮಾಡುತ್ತಿದ್ದೆ. ನಾವೆಲ್ಲ ಹೂಂ ಹೂಂ ಎನ್ನುತ್ತ ಕೂತಿದ್ದರೆ ನೀನೊಬ್ಬಳು 'ಕೊನೇಲಿ ಅವಳು ಬದುಕ್ತಾಳೋ ಇಲ್ವೋ, ಅದನ್ನ ಮೊದ್ಲು ಹೇಳು' ಎನ್ನುತ್ತಿದ್ದೆ. 'ಒಲೆ ಹಚ್ಚೋಕ್ಕೂ ಮುಂಚೆ ಬೆಂದಿದ್ಯಾ ಅಂತ ಕೇಳ್ತಾಳಲ್ಲ ಇವಳು' ಎಂದು ಅಜ್ಜಿ ನಿನ್ನ ತಲೆಗೊಂದು ಮೊಟಕುತ್ತಿದ್ದಳು. ಇವತ್ತು ನಿನ್ನ ಸಮಾಧಾನಕ್ಕೆ ಬಾಲವನ್ನೇ ಮೊದಲು ಕೈಗೆ ಕೊಡುತ್ತೇನೆ: ನಿನ್ನ ಮಗಳ ಅಂಕಪಟ್ಟಿಯ ಮೇಲೆ ಸರ್ಕಾರದ ಮೊಹರು ಬೀಳದೆ ಅವಳು ಓದಲು ಹೊರದೇಶಕ್ಕೆ ಹೋಗುವಂತಿಲ್ಲ. ಇಪ್ಪತ್ತೆಂಟನೇ ತಾರೀಖಿನೊಳಗೆ ಆ ಹಾಳೆ ಅಲ್ಲಿಗೆ ಮುಟ್ಟಬೇಕು. ಮೊಹರು ಬೀಳುತ್ತಿಲ್ಲ. ಯಾಕೆ ಬೀಳುತ್ತಿಲ್ಲ ಎಂಬುದೇ ಕಥೆ, ಮತ್ತು ಅದರಲ್ಲಿ ನಿನ್ನ ತಮ್ಮನ ಪಾತ್ರ ಒಳ್ಳೆಯದಲ್ಲ.

ನಾನು ಪಾಠ ಹೇಳುವುದನ್ನು ಬಿಟ್ಟು ಇಲ್ಲಿ ಏನು ಮಾಡುತ್ತಿದ್ದೇನೆ ಎಂದು ನಿನಗೆ ಇನ್ನೂ ಸರಿಯಾಗಿ ತಿಳಿದಿಲ್ಲ, ನನಗೆ ಗೊತ್ತು. ಯಾರಾದರೂ ಕೇಳಿದರೆ 'ಕಂಪ್ಯೂಟರಿಗೆ ಪಾಠ ಹೇಳ್ತಾನೆ' ಎನ್ನುತ್ತೀಯಂತೆ. ಹೊರದೇಶಕ್ಕೆ ಓದಲು ಹೋಗಬೇಕೆನ್ನುವ ಮಕ್ಕಳಿಗೆ ದಾರಿ ಹೇಳಿಕೊಡುವ ಒಂದು ಆ್ಯಪ್ ಮಾಡುತ್ತಿದ್ದೇವೆ. ಯಾವ ಓದು, ಯಾವ ಕಾಲೇಜು, ಅರ್ಜಿ ಮುಟ್ಟಲು ಕೊನೆಯ ದಿನ ಯಾವುದು ಎಂದು ಹೇಳಿದರೆ ಸಾಕು. ಅದು ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿಕೊಂಡು ಬಂದು, ಈ ವಾರ ಪಾಸ್‌ಪೋರ್ಟಿಗೆ ಹೋಗು, ಬರುವ ವಾರ ಭಾಷೆಯ ಪರೀಕ್ಷೆಗೆ ಹೆಸರು ಕೊಡು, ಆಮೇಲೆ ಮೇಷ್ಟ್ರ ಹತ್ತಿರ ಶಿಫಾರಸು ಕಾಗದ ಬರೆಸಿಕೊ ಎಂದು ಒಂದೊಂದೇ ಕೆಲಸ ಕೈಗೆ ಕೊಡುತ್ತದೆ. ಪರದೆಯ ಮೇಲೆ ಒಂದು ರಸ್ತೆ ಇದೆ, ಉದ್ದಕ್ಕೂ ಮೈಲಿಗಲ್ಲುಗಳು. ಕೆಲಸ ಮುಗಿದಂತೆ ಕಲ್ಲು ಹಸಿರಾಗುತ್ತದೆ. ಇದನ್ನು ಕಟ್ಟಬೇಕೆಂದು ಹೊರಟವರು ನಮ್ಮ ಯಜಮಾನಿ. ಹದಿನೆಂಟು ವರ್ಷ ಒಂದು ಕಾಲೇಜಿನ ಪ್ರವೇಶ ವಿಭಾಗದ ಕಿಟಕಿಯ ಹಿಂದೆ ಕೂತು, ಒಂದೇ ಒಂದು ಕಾಗದ ಕಡಿಮೆಯಾಗಿ ಅತ್ತುಕೊಂಡು ಹೋದ ಮಕ್ಕಳನ್ನು ನೋಡಿ ನೋಡಿ ಬೇಸತ್ತವರು. ರಸ್ತೆ, ಕಲ್ಲು, ಬಣ್ಣ ಎಲ್ಲ ಬರೆಯುವವಳು ಒಬ್ಬಳಿದ್ದಾಳೆ, ಅವಳನ್ನು ನಾವು ಚಿತ್ರದವಳು ಎನ್ನುತ್ತೇವೆ. ಇನ್ನೊಬ್ಬ ತಕರಾರು. ನಾವು ಮಾಡಿದ್ದರಲ್ಲಿ ತಪ್ಪು ಹುಡುಕುವುದು ಅವನ ಕೆಲಸ, ಹಾಗಾಗಿ ಆ ಹೆಸರು. ಹುಟ್ಟಿದ ದಿನ ಎಂದು ಕೇಳಿದ ಕಡೆ ನಾಳೆಯ ತಾರೀಖು ಹಾಕುತ್ತಾನೆ. 'ಹುಟ್ಟೋಕ್ಕೂ ಮುಂಚೆ ಅರ್ಜಿ ಹಾಕಿದೀನಿ, ನಿಮ್ಮ ಆ್ಯಪು ಶಹಬ್ಬಾಸ್ ಅಂತು ಮೇಷ್ಟ್ರೇ' ಎಂದು ಬಂದು ನನ್ನ ತಲೆ ತಿನ್ನುತ್ತಾನೆ. ನನ್ನ ಕೆಲಸ ಪ್ರಶ್ನೆ ಬರೆಯುವುದು. ಹಳ್ಳಿಯಿಂದ ಬಂದ ಹುಡುಗಿಗೂ ಯಾರ ಸಹಾಯವಿಲ್ಲದೆ ಅರ್ಥವಾಗುವಂತೆ ನಲವತ್ತೊಂದು ಪ್ರಶ್ನೆ ಬರೆದಿದ್ದೇನೆ. ಒಂದೊಂದನ್ನೂ ಹತ್ತು ಸಲ ತಿದ್ದಿದ್ದೇನೆ. ಹದಿನೇಳನೆಯದು ಹೀಗಿದೆ: 'ನಿಮ್ಮ ಮೂಲ ಅಂಕಪಟ್ಟಿ ನಿಮ್ಮ ಬಳಿ ಇದೆಯೇ?' ಕೆಳಗೆ ಹೌದು, ಇಲ್ಲ ಎಂದು ಎರಡು ಗುಂಡಿ.

ಆ್ಯಪನ್ನು ಕಾಲೇಜುಗಳಿಗೆ ಕೊಡುವ ಮುಂಚೆ ನಿಜವಾಗಿ ಹೊರಡುವವರು ಯಾರಾದರೂ ಬಳಸಿ ನೋಡಬೇಕಲ್ಲ, ಆಗ ನಾನೇ ನಿನ್ನ ಮಗಳ ಹೆಸರು ಹೇಳಿದೆ. ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಓದನ್ನೇ ಓದುತ್ತೇನೆಂದು ಅವಳು ಹಟ ಹಿಡಿದಿದ್ದಳು. ಆ ಕಾಲೇಜು ಹೊರಗಿನಿಂದ ತೆಗೆದುಕೊಳ್ಳುವುದು ಆರೇ ಜನರನ್ನು, ಅದೂ ಎರಡು ವರ್ಷಕ್ಕೊಮ್ಮೆ. ಮೂರು ತಿಂಗಳು ಅವಳು ನಮ್ಮ ಆ್ಯಪ್ ಹೇಳಿದ ಹಾಗೇ ನಡೆದಳು. ಆರು ಜನರಲ್ಲಿ ಒಬ್ಬಳಾಗಿ ಆಯ್ಕೆಯೂ ಆದಳು. ಆ ದಿನ ನೀನು ಫೋನಿನಲ್ಲಿ ಅತ್ತದ್ದನ್ನು ನಾವಿಬ್ಬರೂ ಗಾಳಿಯ ಸದ್ದು ಎಂದು ಒಪ್ಪಿಕೊಂಡೆವು. ಉಳಿದದ್ದು ಒಂದೇ, ಮೂಲ ಅಂಕಪಟ್ಟಿಗೆ ಸರ್ಕಾರದ ಮೊಹರು ಹಾಕಿಸಿ ಕಳಿಸುವುದು. ಹದಿನೇಳನೇ ಪ್ರಶ್ನೆಗೆ ಅವಳು ಮೂರು ತಿಂಗಳ ಹಿಂದೆಯೇ 'ಹೌದು' ಒತ್ತಿದ್ದಳು. ಸುಳ್ಳೇನಲ್ಲ. ಹಾಳೆ ಬೀರುವಿನಲ್ಲೇ ಇತ್ತು. ಕಲ್ಲು ಹಸಿರಾಗಿ ಕೂತಿತ್ತು.

ಇನ್ನು ಅವಳು ಹೇಳಿದ ಕಥೆ. ಮೂರು ತಿಂಗಳ ಅನುಭವ ಹೇಳಲು ಇವತ್ತು ಮೂರಕ್ಕೆ ಬರಬೇಕೆಂದು ಮೊದಲೇ ಮಾತಾಗಿತ್ತು. ಬೆಳಿಗ್ಗೆ ಮೊಹರಿನ ಕಚೇರಿಗೆ ಹೋದವಳು ಅಲ್ಲಿಂದ ನೆಟ್ಟಗೆ ಇಲ್ಲಿಗೇ ಬಂದಳು. ಕೂತುಕೊ ಎಂದರೂ ಕೂರಲಿಲ್ಲ, ನೀರು ಕೊಟ್ಟರೆ ಲೋಟ ಹಿಡಿದುಕೊಂಡೇ ನಿಂತಳು. 'ನಿಮ್ಮ ಆ್ಯಪು ಇವತ್ತು ಮೊಹರಿನ ಕಚೇರಿಗೆ ಹೋಗು ಅಂತು, ಹೋದೆ' ಎಂದು ಶುರು ಮಾಡಿದಳು. ಎರಡು ಗಂಟೆ ಸಾಲಿನಲ್ಲಿ ನಿಂತಳಂತೆ. ಕಿಟಕಿಯ ಹಿಂದಿದ್ದ ಗುಮಾಸ್ತರು ವಯಸ್ಸಾದವರು, ಸಿಡುಕಿನವರೇನಲ್ಲ. ಅಂಕಪಟ್ಟಿಯನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಒಂದು ಸಲ ಸವರಿದರಂತೆ. ಸವರಿದ ರೀತಿಗೇ ಏನೋ ಕೆಟ್ಟಿದೆ ಎಂದು ಇವಳಿಗೆ ಗೊತ್ತಾಯಿತಂತೆ. 'ಲ್ಯಾಮಿನೇಷನ್ ಮಾಡ್ಸಿದೀರಲ್ಲಮ್ಮ. ಮೊಹರು ಎಲ್ಲಿ ಹಾಕ್ಲಿ?' ಎಂದರಂತೆ. ಇದರ ಮೇಲೇ ಹಾಕಿ ಸಾರ್ ಎಂದಳಂತೆ ಇವಳು. ಪಾಪ, ಅವರು ಒಂದು ಮೂಲೆಯಲ್ಲಿ ಒತ್ತಿಯೂ ತೋರಿಸಿದರು. ನೇರಳೆ ಬಣ್ಣದ ಮಸಿ ಪ್ಲಾಸ್ಟಿಕ್ಕಿನ ಮೇಲೆ ಜಾರಿ ಹರಡಿತು. ಕರವಸ್ತ್ರದಿಂದ ಒರೆಸಿದರೆ ಏನೂ ಇಲ್ಲ. 'ತಾವರೆ ಎಲೆ ಮೇಲೆ ನೀರು ನಿಲ್ಲುತ್ತೇನಮ್ಮ? ಕಾಗದ ಮುಟ್ಬೇಕು ಮೊಹರು. ಬಾಗ್ಲಲ್ಲೇ ಬೋರ್ಡ್ ಹಾಕಿದೀವಿ, ಯಾರೂ ಓದಲ್ಲ' ಎಂದರಂತೆ. ಹೊರಗೆ ಬಂದು ನೋಡಿದರೆ ಬೋರ್ಡೇನೋ ಇತ್ತು, ಬಾಗಿಲಿನ ಮೇಲೇ ಇತ್ತು. ಆ ಬಾಗಿಲನ್ನು ಬೆಳಗಿನಿಂದ ಸಂಜೆಯವರೆಗೆ ತೆರೆದು ಗೋಡೆಗೆ ಒರಗಿಸಿಟ್ಟಿರುತ್ತಾರೆ, ಬೋರ್ಡು ಗೋಡೆಯನ್ನು ನೋಡುತ್ತಿರುತ್ತದೆ. 'ಗೋಡೆಗೆ ಎಲ್ಲಾ ನಿಯಮ ಬಾಯಿಪಾಠ ಆಗಿದೆ' ಎಂದಳು ನಿನ್ನ ಮಗಳು. ಆ ಮಾತಿಗೆ ನಾವೆಲ್ಲ ನಕ್ಕೆವು. ನಗು ಮುಗಿದ ಮೇಲೆ ನೋಡಿದರೆ ಅವಳ ಕೈಯಲ್ಲಿದ್ದ ಲೋಟದ ನೀರು ಹಾಗೇ ಇತ್ತು, ಒಂದು ಗುಟುಕೂ ಕುಡಿದಿರಲಿಲ್ಲ.

ಹೊಸದಾಗಿ ನಕಲು ಅಂಕಪಟ್ಟಿ ಕೊಡಿ ಎಂದು ಅರ್ಜಿ ಹಾಕಿದರೆ ನಲವತ್ತೈದು ದಿನ. ಅಷ್ಟು ಹೊತ್ತಿಗೆ ಆ ಕಾಲೇಜಿನ ಬಾಗಿಲು ಮುಚ್ಚಿ ತಿಂಗಳಾಗಿರುತ್ತದೆ. ಆಮೇಲೆ ಎರಡು ವರ್ಷ ಕಾಯಬೇಕು, ಕಾದರೂ ಮತ್ತೆ ಆರರಲ್ಲಿ ಒಬ್ಬಳಾಗುತ್ತಾಳೆಂದು ಯಾರು ಹೇಳಬಲ್ಲರು? ಯಜಮಾನಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಕರಾರು ಮಾತ್ರ ಸುಮ್ಮನಿರಲಾರದವನು, 'ಅದ್ಯಾವ ಪುಣ್ಯಾತ್ಮ ಇದಕ್ಕೆ ಲ್ಯಾಮಿನೇಷನ್ ಮಾಡ್ಸಿದ್ದು?' ಎಂದು ಕೇಳಿದ. ನಿನ್ನ ಮಗಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. 'ಮನೇಲಿ' ಎಂದಳು. ಅಷ್ಟೇ ಹೇಳಿದಳು. ನಾನು ಪೆನ್ಸಿಲಿನ ತುದಿ ನೋಡುತ್ತ ಕೂತಿದ್ದೆ.

ಅಕ್ಕಾ, ಆ ಪುಣ್ಯಾತ್ಮ ನಾನು. ಮೇಜಿನ ಸುತ್ತ ಇದ್ದವರಿಗೆ ಇನ್ನೂ ಹೇಳಿಲ್ಲ, ಮೊದಲು ನಿನಗೆ ಹೇಳುತ್ತಿದ್ದೇನೆ. ಎರಡು ವರ್ಷದ ಹಿಂದೆ ಅವಳ ಅಂಕಪಟ್ಟಿ ಬಂದ ದಿನ ನೀನು ಆಸ್ಪತ್ರೆಯ ಡ್ಯೂಟಿಯಲ್ಲಿದ್ದೆ, ಅವಳು ಗೆಳತಿಯರ ಜೊತೆ ಹೋಗಿದ್ದಳು. ಟಪಾಲಿನವನ ಕೈಯಿಂದ ತೆಗೆದುಕೊಂಡವನು ನಾನೇ. ಅದನ್ನು ಕಂಡ ಕೂಡಲೇ ನನಗೆ ನೆನಪಾದದ್ದು ನಿನ್ನ ಅಂಕಪಟ್ಟಿ. ನೀನು ನರ್ಸಿಂಗ್ ಶಾಲೆಗೆ ಹೋಗಬೇಕಾದ ವರ್ಷ ಪೆಟ್ಟಿಗೆ ತೆರೆದು ನೋಡಿದರೆ ಗೆದ್ದಲು ನಿನ್ನ ಹೆಸರನ್ನೂ ಅಂಕಗಳನ್ನೂ ತಿಂದು, ಅಂಚನ್ನು ಮಾತ್ರ ಚೌಕಟ್ಟಿನ ಹಾಗೆ ಉಳಿಸಿತ್ತು. ಆ ಚೌಕಟ್ಟನ್ನು ಹಿಡಿದುಕೊಂಡು ನೀನು ಹಿತ್ತಲ ಬಾಗಿಲಲ್ಲಿ ಕೂತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ನಿನಗೆ ಒಂದು ವರ್ಷ ಹೋಯಿತು. ಇವಳಿಗೆ ಹಾಗಾಗಬಾರದು ಎಂದು, ಊಟವನ್ನೂ ಮಾಡದೆ, ಬಸ್ ನಿಲ್ದಾಣದ ಪಕ್ಕದ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವನು ಬಿಸಿ ಯಂತ್ರದೊಳಕ್ಕೆ ಹಾಳೆ ತೂರಿಸಿದ. ಆ ಕಡೆಯಿಂದ ಅದು ಮಿರಮಿರ ಮಿಂಚುತ್ತ ಹೊರಬಂತು. 'ಇನ್ನು ನೂರು ವರ್ಷ ಇದಕ್ಕೆ ಏನೂ ಆಗಲ್ಲ ಸಾರ್' ಎಂದ. ಅವನ ಬಾಯಿಗೆ ಸಕ್ಕರೆ ಹಾಕಬೇಕು. ಏನೂ ಆಗುತ್ತಿಲ್ಲ, ಮೊಹರು ಕೂಡ ಆಗುತ್ತಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎನ್ನುತ್ತಾರಲ್ಲ, ಆ ಬೇಲಿ ನಾನೇ ಎಂದು ಗೊತ್ತಾಗಲು ಎರಡು ವರ್ಷ ಬೇಕಾಯಿತು.

ನನ್ನನ್ನು ಕೊರೆಯುತ್ತಿರುವುದು ಇನ್ನೂ ಒಂದಿದೆ. ಪ್ರಶ್ನೆ ಬರೆದವನೂ ನಾನೇ ಅಲ್ಲವೇ? ಪಾಸ್‌ಪೋರ್ಟಿನಲ್ಲಿ ಹೆಸರು ಸರಿಯಾಗಿದೆಯೇ, ಫೋಟೋದಲ್ಲಿ ಕಿವಿ ಕಾಣುತ್ತದೆಯೇ, ಶಿಫಾರಸು ಕಾಗದಕ್ಕೆ ತಾರೀಖು ಇದೆಯೇ, ಎಲ್ಲ ಕೇಳಿದ್ದೇನೆ. ಅಂಕಪಟ್ಟಿ ಇದೆಯೇ ಎಂದು ಕೇಳಿದೆ, ಹೇಗಿದೆ ಎಂದು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೇ ಇಲ್ಲ. ಪ್ಲಾಸ್ಟಿಕ್ ಹಾಕಿಸಿದ್ದು ನಾನು ಮಾಡಿದ ಒಳ್ಳೆಯ ಕೆಲಸಗಳ ಪಟ್ಟಿಯಲ್ಲಿತ್ತು. ಆ ಪಟ್ಟಿಯನ್ನು ಯಾರು ತಾನೇ ಪರೀಕ್ಷೆ ಮಾಡುತ್ತಾರೆ? ಬರುವ ಸೋಮವಾರ ಮೂರು ಕಾಲೇಜುಗಳ ಮಕ್ಕಳ ಕೈಗೆ ಆ್ಯಪ್ ಹೋಗುವುದಿದೆ. ಅವರೆಲ್ಲರಿಗೂ ಒಬ್ಬ ಅಪ್ಪನೋ ಅಮ್ಮನೋ ಮಾವನೋ ಇರುತ್ತಾರೆ. ಎಷ್ಟು ಮನೆಗಳ ಬೀರುಗಳಲ್ಲಿ ಎಷ್ಟು ಹಾಳೆಗಳು ಹೀಗೆ ಮಿಂಚುತ್ತ ಮಲಗಿವೆಯೋ. ಅದನ್ನಾದರೂ ತಿದ್ದಬಹುದು. ಪ್ಲಾಸ್ಟಿಕ್ ಹಾಕಿಸಿದ್ದೀರಾ ಎಂದು ಹದಿನೇಳರ ಕೆಳಗೆ ಇನ್ನೊಂದು ಪ್ರಶ್ನೆ ಸೇರಿಸಿ, ಚೀಟಿಯಲ್ಲಿ ಬರೆದು ಈಗಷ್ಟೇ ಯಜಮಾನಿಗೆ ಕೊಟ್ಟೆ. ಅವರು ಓದಿ, ನನ್ನ ಮುಖ ನೋಡಿ, ಮಡಿಸಿ ಜೇಬಿಗೆ ಹಾಕಿಕೊಂಡರು. ಮಕ್ಕಳಿಗೆ ಪ್ರಶ್ನೆ ಸಿಕ್ಕಿತು, ನಮ್ಮ ಹುಡುಗಿಗೆ ಏನು ಸಿಕ್ಕಿತು?

ಒಂದು ದಾರಿ ಇದೆ, ಅದಕ್ಕೇ ಈ ಕಾಗದ. ಯಜಮಾನಿಗೆ ಗೊತ್ತಿರುವ ಒಬ್ಬರು ದೊಡ್ಡ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ಪುಸ್ತಕ, ನಕಾಶೆಗಳನ್ನು ರಿಪೇರಿ ಮಾಡುತ್ತಾರೆ. ಎಲ್ಲರೂ ಅವರನ್ನು ಕಾಗದದಮ್ಮ ಎನ್ನುತ್ತಾರೆ. ನಾಲ್ಕು ಗಂಟೆಗೆ ನಾನು, ಯಜಮಾನಿ, ನಿನ್ನ ಮಗಳು ಮೂವರೂ ಅಲ್ಲಿಗೆ ಓಡಿದೆವು. ಕೆಳಗಿಳಿದರೆ ಅಂಟಿನ ವಾಸನೆ, ದೊಡ್ಡ ಗಾಜಿನ ಮೇಜು, ಬಟ್ಟೆ ಸುತ್ತಿದ ತೂಕದ ಕಲ್ಲುಗಳು, ಉಗುರಿಗಿಂತ ತೆಳುವಾದ ಅಲಗುಗಳು. ಕೂದಲು ಒಣಗಿಸುವ ಯಂತ್ರದ ತಂಗಿಯಂಥ ಒಂದು ಯಂತ್ರ, ಅದು ಬಿಸಿ ಗಾಳಿ ಬಿಡುತ್ತದೆ. ಕಾಗದದಮ್ಮ ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು, ರೋಗಿಯ ನಾಡಿ ನೋಡುವ ಹಾಗೆ ಅಂಚನ್ನು ಒತ್ತಿ ನೋಡಿದರು. 'ಬಿಚ್ಬಹುದು. ಆದ್ರೆ ಅಕ್ಷರ ಕಾಗದಕ್ಕೆ ಅಂಟಿದ್ಯೋ ಪ್ಲಾಸ್ಟಿಕ್ಕಿಗೆ ಅಂಟಿದ್ಯೋ, ಅದು ಎದ್ದ ಮೇಲೇ ಗೊತ್ತಾಗೋದು. ಪ್ಲಾಸ್ಟಿಕ್ಕಿಗೆ ಅಂಟಿದ್ರೆ ನಿಮ್ಮ ಕೈಗೆ ಬಿಳೀ ಹಾಳೆ ಬರುತ್ತೆ' ಎಂದರು. ಬಿಸಿ ಎಷ್ಟು, ಎಷ್ಟು ಹೊತ್ತು ಎಂಬುದು ಅವರ ಕೈಗೆ ತಿಳಿಯಬೇಕಂತೆ. ಅದಕ್ಕೆ ಇಂಥವೇ ನಾಲ್ಕೈದು ಹಾಳೆಗಳ ಮೇಲೆ ಮೊದಲು ಕೈ ಪಳಗಿಸಿಕೊಳ್ಳಬೇಕಂತೆ. ಜೆರಾಕ್ಸಿಗೆ ಪ್ಲಾಸ್ಟಿಕ್ ಹಾಕಿಸಿಕೊಂಡು ಬರುತ್ತೇವೆ ಎಂದೆ. 'ಆಗಲ್ಲ. ಆ ಕಾಗದ ಬೇರೆ, ಮಸಿ ಬೇರೆ. ನಿಜವಾದ ಮಾರ್ಕ್ಸ್ ಕಾರ್ಡೇ ಬೇಕು, ವರ್ಷಗಟ್ಟಲೆ ಒಳಗೇ ಇದ್ದದ್ದು. ಕೆಟ್ರೂ ಪರವಾಗಿಲ್ಲ ಅನ್ನೋ ಮಾರ್ಕ್ಸ್ ಕಾರ್ಡು ಯಾರ ಮನೇಲಿರುತ್ತೆ ಹೇಳಿ' ಎಂದರು. ನನ್ನದು ಕೈಬರಹದ ಕಾಲದ್ದು, ಪ್ಲಾಸ್ಟಿಕ್ಕಿನ ಮುಖವನ್ನೇ ಕಂಡಿಲ್ಲ. ನಿನ್ನದರ ಕಥೆ ಆಗಲೇ ಬರೆದೆ. ಹಾಗೆ ಕೈ ಪಳಗಿಸಿಕೊಳ್ಳದೆ ನೇರವಾಗಿ ಮಾಡಿದರೆ ಎಂದು ಕೇಳಿದ್ದಕ್ಕೆ, 'ನಾಣ್ಯ ಚಿಮ್ಮಿದ ಹಾಗೆ' ಎಂದರು.

ವಾಪಸು ಬಂದು ಮಿಕ್ಕವರಿಗೆ ಇಷ್ಟನ್ನೂ ಹೇಳಿದೆವು. ಚಿತ್ರದವಳು ತನ್ನ ಪರದೆ ಆರಿಸಿ ಹೊರಟಳು. ತಕರಾರು ಕೂಡ ಚೀಲ ಹೆಗಲಿಗೇರಿಸಿಕೊಂಡು ಮನೆಗೆ ಹೋದ, ಅವನು ತಕರಾರಿಲ್ಲದೆ ಹೋದದ್ದನ್ನು ನಾನು ನೋಡಿದ್ದು ಇದೇ ಮೊದಲು. ನಿನ್ನ ಮಗಳು ಕಿಟಕಿಯ ಹತ್ತಿರ ಕೂತು ಹಾಳೆಯನ್ನು ಮಡಿಲಲ್ಲಿಟ್ಟುಕೊಂಡಿದ್ದಾಳೆ. ನನ್ನನ್ನು ಒಂದು ಮಾತೂ ಅಂದಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ನೀನಾಗಿದ್ದರೆ ಇಷ್ಟು ಹೊತ್ತಿಗೆ ಮೂರು ತಲೆಮಾರಿನ ದಡ್ಡರ ಪಟ್ಟಿ ತೆಗೆದು ಅದರ ತುದಿಗೆ ನನ್ನನ್ನು ಕೂರಿಸುತ್ತಿದ್ದೆ, ನನಗೂ ಉಸಿರಾಡಲು ಜಾಗವಾಗುತ್ತಿತ್ತು. ಅವಳು 'ಟೀ ಕುಡೀತೀಯಾ ಮಾವ' ಎಂದು ಕೇಳುತ್ತಾಳೆ. ನನ್ನಿಂದ ತಡೆದುಕೊಳ್ಳಲಾಗುವುದಿಲ್ಲ.

ಈಗ ನೀನು ಹೇಳಬೇಕು. ಆ್ಯಪ್ ಎಣಿಸುವ ಹಾಗೆ ನಾನೂ ಹಿಂದಕ್ಕೆ ಎಣಿಸಿದ್ದೇನೆ. ಇಪ್ಪತ್ತೆಂಟಕ್ಕೆ ಅಲ್ಲಿಗೆ ಮುಟ್ಟಬೇಕು. ಪಾರ್ಸಲಿಗೆ ಆರು ದಿನ, ಮೊಹರಿಗೆ ಮೂರು ದಿನ. ಹದಿನೆಂಟರ ಬೆಳಿಗ್ಗೆ ಹಾಳೆ ಮೊಹರಿನ ಕಚೇರಿಯಲ್ಲಿರಬೇಕು. ಈ ಕಾಗದ ನಾಳೆ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಆಸ್ಪತ್ರೆಗೆ ಬರುವ ಔಷಧದ ಗಾಡಿಯಲ್ಲಿ ಹೊರಡುತ್ತದೆ, ಅದೇ ಗಾಡಿ ಸೋಮವಾರ ಸಂಜೆ ವಾಪಸು ಬರುತ್ತದೆ. ನಿನ್ನ ಉತ್ತರ ಅದರಲ್ಲಿ ಬಂದರೆ ಮಂಗಳವಾರ ಹದಿನೇಳು, ಒಂದೇ ಒಂದು ದಿನ ಕೈಯಲ್ಲಿರುತ್ತದೆ. ಬಿಚ್ಚಿಸಬೇಕೋ, ಬೇಡವೋ? ಬಿಚ್ಚಿಸಿ ಕೆಟ್ಟರೆ ಅವಳಿಗೆ ಇರುವ ಒಂದೇ ಹಾಳೆಯೂ ಹೋಯಿತು. ಬಿಚ್ಚಿಸದಿದ್ದರೆ ಹಾಳೆ ಉಳಿಯಿತು, ಎರಡು ವರ್ಷ ಹೋಯಿತು. ನಾನು ಒಂದು ಸಲ ಅವಳ ಒಳ್ಳೆಯದಕ್ಕೆಂದು ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿ ಆಗಿದೆ. ಎರಡನೇ ಸಲ ಮಾಡುವ ಧೈರ್ಯ ನನಗಿಲ್ಲ. ಹೆತ್ತವಳು ನೀನು, ಒಂದು ಸಾಲು ಬರೆ ಸಾಕು, ಹೌದು ಅಥವಾ ಬೇಡ. ಬೈಗುಳವನ್ನು ಬೇರೆ ಹಾಳೆಯಲ್ಲಿ ಎಷ್ಟು ಬೇಕಾದರೂ ಬರೆ, ಒಂದಕ್ಷರ ಬಿಡದೆ ಓದುತ್ತೇನೆ.

ಮೆಟ್ಟಿಲ ಹತ್ತಿರ ಹಿಡಿಕೆ ಹಿಡಿದುಕೊಂಡೇ ಇಳಿ. ನಿನ್ನ ಜೊತೆಯ ನರ್ಸಮ್ಮನವರಿಗೂ, ಗೇಟಿನ ಅಜ್ಜನಿಗೂ ನಾನು ಕೇಳಿದೆನೆಂದು ಹೇಳು. ಮಗಳು ಪಕ್ಕದಿಂದ ತನ್ನ ಪ್ರೀತಿ ತಿಳಿಸಲು ಹೇಳುತ್ತಿದ್ದಾಳೆ, ನಾನೇನು ಬರೆಯುತ್ತಿದ್ದೇನೆಂದು ಕೇಳಲಿಲ್ಲ. ನೀನು ಎಲ್ಲಿದ್ದರೂ ಅಲ್ಲಿ ನಾಲ್ಕು ಜನಕ್ಕೆ ನೆರಳಾಗಿರುವವಳು, ನಿನಗೊಂದಿಷ್ಟು ನೆರಳು ಸಿಗಲಿ.

ಇಂತಿ,
ನಿನ್ನ ತಮ್ಮ, ಮಾತಿನಮಲ್ಲ

ತಾ.ಕ. ಗುರುವಾರ, ಒಂಬತ್ತೂ ಮುಕ್ಕಾಲು, ಗ್ರಂಥಾಲಯದ ನೆಲಮಾಳಿಗೆ. ಅಕ್ಕಾ, ಮೇಲೆ ಕೇಳಿದ್ದಕ್ಕೆ ಉತ್ತರ ಬರೆಯಬೇಡ. ನಾವು ಕಾಯಲಿಲ್ಲ. ಗಾಡಿಯವನಿಗೆ ಫೋನ್ ಮಾಡಿ ಇಲ್ಲಿಗೇ ಬರಹೇಳಿದ್ದೇನೆ, ಮೇಲೆ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತೇನೆ.

ಬೆಳಿಗ್ಗೆ ಏಳಕ್ಕೆ ಈ ಕಾಗದಕ್ಕೆ ಲಕೋಟೆ ತೆಗೆದುಕೊಳ್ಳಲೆಂದು ಮಗಳನ್ನೂ ಕರೆದುಕೊಂಡು ಕಚೇರಿಗೆ ಹೋದೆ. ಬಾಗಿಲು ತೆರೆದಿತ್ತು. ಹತ್ತಕ್ಕೆ ಮುಂಚೆ ಎಂದೂ ಮುಖ ತೋರಿಸದ ತಕರಾರು ಒಳಗೆ ಕೂತಿದ್ದ. ಯಜಮಾನಿ ಇದ್ದರು, ಚಿತ್ರದವಳು ಇದ್ದಳು. ಉದ್ದ ಮೇಜಿನ ಮೇಲೆ ನಾಲ್ಕು ಅಂಕಪಟ್ಟಿ, ನಾಲ್ಕಕ್ಕೂ ಪ್ಲಾಸ್ಟಿಕ್ಕು. ಯಜಮಾನಿಯದಕ್ಕೆ ಅವರ ಅಮ್ಮ ಹಾಕಿಸಿದ್ದಂತೆ, ಅಂಚು ಹಳದಿಯಾಗಿದೆ. ಚಿತ್ರದವಳು ತನ್ನದೂ ತಂದಿದ್ದಳು, ಗಂಡನದೂ ತಂದಿದ್ದಳು. 'ಅವರಿಗೆ ಹೇಳಿದೀನಿ, ಅರ್ಧ ಹೇಳಿದೀನಿ' ಎಂದಳು. ತಕರಾರಿನದಕ್ಕೆ ಹಾಕಿಸಿದ್ದು ಅವನ ಅಪ್ಪ, ಫಲಿತಾಂಶ ಬಂದ ದಿನವೇ. ನಾನು ಬಾಯಿ ತೆರೆದೆ. ಹೇಳಿಬಿಡೋಣ ಎಂದೇ ತೆರೆದೆ. 'ಗೊತ್ತು ಬಿಡಿ ಮೇಷ್ಟ್ರೇ. ನಲವತ್ತೊಂದು ಪ್ರಶ್ನೆ ಕೇಳಿದವರು ಅದೊಂದನ್ನ ಬಿಟ್ಟಿದೀರಿ ಅಂದ್ರೆ ಗೊತ್ತಾಗಲ್ವಾ? ನಾನೂ ಅದನ್ನ ಹಿಡೀಲಿಲ್ಲ. ನಮ್ಮಪ್ಪನ ಮೇಲೆ ತಕರಾರು ತೆಗೆಯೋದು ನನಗೂ ಹೊಳೀಲಿಲ್ಲ' ಎಂದ ಅವನು. ಯಜಮಾನಿ ಬೀಗದ ಕೈ ಎತ್ತಿಕೊಂಡು 'ಹೊರಡಿ, ಕಾಗದದಮ್ಮ ಏಳೂವರೆಗೇ ಬರ್ತೀನಿ ಅಂದಿದಾರೆ' ಎಂದರು.

ತನ್ನದೇ ಮೊದಲು ಎಂದು ತಕರಾರು ಹಟ ಹಿಡಿದ. 'ಹೆಮ್ಮೆಪಡೋ ಅಂಥ ಅಂಕ ಒಂದೂ ಇಲ್ಲ ಅದರಲ್ಲಿ' ಎಂದ. ಪ್ಲಾಸ್ಟಿಕ್ ಎದ್ದಿತು, ಅದರ ಜೊತೆ ಅಕ್ಷರವೂ ಎದ್ದು ಬಂತು. ಕೆಳಗೆ ಬಿಳಿ ಹಾಳೆ ಉಳಿಯಿತು. ಅವನು ನಕ್ಕ, 'ಗಣಿತ ಹೋಯ್ತು, ಪೀಡೆ ಕಳೀತು' ಎಂದ. ಆಮೇಲೆ ಸ್ವಲ್ಪ ಹೊತ್ತು ಹೊರಗಿನ ಮೊಗಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದು ಬಂದ. ಯಜಮಾನಿಯದು ಅರ್ಧ ಉಳಿಯಿತು, ಅರ್ಧ ಹೋಯಿತು. ಚಿತ್ರದವಳದು ಒಂದು ಮೂಲೆ ಸುಟ್ಟು, ಅಕ್ಷರ ಪೂರ್ತಿ ಉಳಿಯಿತು. ಗಂಡನದು ಎಳ್ಳಷ್ಟೂ ಕೆಡದೆ ಬಂತು. ಕಾಗದದಮ್ಮ ಬೆರಳು ಕೊಡವಿಕೊಂಡು 'ಈಗ ಕೈಗೆ ಗೊತ್ತಾಯ್ತು. ಆದ್ರೂ ಖಾತ್ರಿ ಅಂತ ನಾನು ಹೇಳಲ್ಲ. ಬೇಕಾದ್ರೆ ಯೋಚ್ನೆ ಮಾಡಿ ಮಂಗಳವಾರ ಬನ್ನಿ' ಎಂದರು.

ನಿನ್ನನ್ನು ಕೇಳಿ ಕಾಗದ ಬರೆದಿದ್ದೇನೆಂದು ಆಗ ಮಗಳಿಗೆ ಹೇಳಿದೆ. ಅವಳು ಅಂದದ್ದನ್ನು ಹಾಗೇ ಬರೆಯುತ್ತೇನೆ. 'ಅಮ್ಮನ್ನ ಕೇಳ್ಬೇಡ ಮಾವ. ಹೌದು ಅಂದು ಹಾಳೆ ಕೆಟ್ರೂ ಅಮ್ಮನ ತಲೆ ಮೇಲೆ, ಬೇಡ ಅಂದು ವರ್ಷ ಹೋದ್ರೂ ಅಮ್ಮನ ತಲೆ ಮೇಲೆ. ಈ ಕಾರ್ಡಿಗೆ ಏನು ಮಾಡ್ಬೇಕು ಅಂತ ಇಷ್ಟು ದಿನ ಎಲ್ರೂ ನೋಡಿದ್ರಿ. ಇನ್ನು ನಾನು ನೋಡ್ತೀನಿ.' ತಾನೇ ಹೋಗಿ ಹಾಳೆಯನ್ನು ಗಾಜಿನ ಮೇಜಿನ ಮೇಲೆ ಇಟ್ಟಳು.

ಒಂದು ಮೂಲೆ ಎದ್ದಿದೆ. ಕಾಗದದಮ್ಮ ಉಸಿರು ಬಿಡದೆ ಅಲಗು ಜಾರಿಸುತ್ತಿದ್ದಾರೆ. ಹೆಸರು ದಾಟಿತು, ಕಾಗದದ ಮೇಲೇ ಇದೆ. ಹುಟ್ಟಿದ ತಾರೀಖು ದಾಟಿತು. ಇನ್ನು ಅಂಕಗಳ ಸಾಲು. ತಮ್ಮ ತಮ್ಮ ಹಾಳೆ ಕೊಟ್ಟವರು ಮೂವರೂ ಮೇಜಿನ ಸುತ್ತ ಬಾಗಿ ನಿಂತಿದ್ದಾರೆ. ಯಜಮಾನಿ ಒಂದು ಕೈಯಲ್ಲಿ ನಿನ್ನ ಮಗಳ ಭುಜ ಹಿಡಿದಿದ್ದಾರೆ, ಇನ್ನೊಂದರಲ್ಲಿ ನನ್ನ ತೋಳು, ಅಕ್ಷರ ಸೊಟ್ಟಗಾಗುತ್ತಿದೆ. ಗಾಡಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ತಕರಾರು 'ಕಾಗದ ಕೊಡಿ, ನಾನು ಓಡಿ ಕೊಟ್ಟು ಬರ್ತೀನಿ, ನೀವು ಇಲ್ಲೇ ಇರಿ' ಎನ್ನುತ್ತಿದ್ದಾನೆ. ಕೊಟ್ಟೆ.